ಹಾಲು ಬಿಡಿಸಿದ ಹಂದಿಮರಿಗೆ ಯಾವ ಪುಡಿ, ಎಷ್ಟು, ಯಾವಾಗ

ಹಾಲು ಬಿಡಿಸಿ ಮೂರು ದಿನವಾಗಿದೆ. ಬೆಳಿಗ್ಗೆ ಶೆಡ್‌ಗೆ ಹೋದರೆ ಎರಡು ಮರಿಗಳ ಬಾಲದ ಬುಡ ಒದ್ದೆ. ತೊಡೆಯ ಒಳಭಾಗಕ್ಕೆ ಹಳದಿ ನೀರು ಅಂಟಿದೆ, ಮೈಕೂದಲು ನಿಮಿರಿದೆ, ಪಕ್ಕೆ ಒಳಗೆ ಹೋಗಿದೆ. ಹೆಚ್ಚಿನವರು ಅಂದೇ ಪೇಟೆಗೆ ಹೋಗಿ ಅಂಗಡಿಯವರು ಕೊಟ್ಟ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾಗಳ) ಪುಡಿ, ಲಿವರ್ ಟಾನಿಕ್, ವಿಟಮಿನ್ ಬಾಟಲಿ ಮೂರನ್ನೂ ತಂದು ನೀರಿಗೆ ಸುರಿಯುತ್ತಾರೆ. ದುಡ್ಡು ಹೋಗುತ್ತದೆ, ಮರಿಯೂ ಹೋಗುತ್ತದೆ. ಒಂದೊಂದು ಪುಡಿ ಒಂದೊಂದು ಕೊರತೆಗೆ ಮಾತ್ರ ಮದ್ದು. ಕೊರತೆ ಎಲ್ಲಿದೆ ಎಂದು ಗೊತ್ತಿಲ್ಲದೆ ಹಾಕಿದ ಪುಡಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಗೋವಾದಲ್ಲಿ ಸ್ವಂತಕ್ಕೆ ಹಂದಿ ಸಾಕುವ ಅಥವಾ ಇತರರ ಶೆಡ್‌ನಲ್ಲಿ ಮರಿಗಳ ಉಸ್ತುವಾರಿ ನೋಡುವ ಕನ್ನಡಿಗರಿಗಾಗಿ ಈ ಬರಹ. ಇಲ್ಲಿನ ಮಳೆಗಾಲ, ಒಣಮೀನು, ಹೋಟೆಲ್ ಮುಸುರೆ, ಇವು ಮೂರೂ ಮರಿಯ ಹೊಟ್ಟೆಯನ್ನು ನೇರವಾಗಿ ಮುಟ್ಟುತ್ತವೆ. ಹಾಗಾಗಿ ಘಟ್ಟದ ಮೇಲಿನ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ತರಲಾಗದು.

ಹೊಟ್ಟೆಯೊಳಗೆ ಆಗುವುದೇನು

ಸಣ್ಣ ಕರುಳಿನ ಒಳಗೋಡೆ ಮಖಮಲ್ ಬಟ್ಟೆಯ ಹಾಗಿರುತ್ತದೆ. ಆಹಾರ ಹೀರುವುದು ಅದರ ಮೇಲಿನ ಸಣ್ಣ ಎಳೆಗಳು. ಈ ಎಳೆಗಳಿಗೆ ಊಟ ಸಿಗುವುದು ಬಹುಪಾಲು ಕರುಳಿನೊಳಗೆ ಹರಿದುಹೋಗುವ ಆಹಾರದಿಂದಲೇ. ತಾಯಿಯಿಂದ ಬೇರೆಯಾದ ಮರಿ ಒಂದೆರಡು ದಿನ ತಿನ್ನದೆ ಮುದುಡಿ ಮಲಗಿದರೆ ಎಳೆಗಳು ಸವೆಯುತ್ತವೆ. ಕೆಲವೇ ದಿನಗಳಲ್ಲಿ ಅವುಗಳ ಎತ್ತರ ಅರ್ಧಕ್ಕೆ ಇಳಿಯಬಹುದು. ಉಪವಾಸವೇ ಮೊದಲ ಗಾಯ.

ಎರಡನೆಯದು ಹುಳಿ. ಮರಿಯ ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇನ್ನೂ ಸಾಕಷ್ಟು ಹುಟ್ಟುವುದಿಲ್ಲ. ಹಾಲು ಕುಡಿಯುವಷ್ಟು ದಿನ ಹಾಲಿನ ಸಕ್ಕರೆಯನ್ನು ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಹುಳಿಸಿ ಆ ಕೊರತೆಯನ್ನು ತುಂಬುತ್ತಿರುತ್ತವೆ. ಹಾಲು ನಿಂತಾಗ ಆ ಹುಳಿಯೂ ನಿಲ್ಲುತ್ತದೆ. ಜಠರದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4, 5ರ ಆಸುಪಾಸಿನಲ್ಲೇ ಉಳಿದರೆ ಪ್ರೋಟೀನ್ ಸರಿಯಾಗಿ ಒಡೆಯುವುದಿಲ್ಲ. ಅಲ್ಲೇ ಸಾಯಬೇಕಿದ್ದ ಇ. ಕೋಲೈ ಎಂಬ ಭೇದಿಯ ಬ್ಯಾಕ್ಟೀರಿಯಾ ಜೀವಂತವಾಗಿ ಕರುಳಿಗೆ ಇಳಿಯುತ್ತದೆ. ಜೀರ್ಣವಾಗದ ಪ್ರೋಟೀನ್ ದೊಡ್ಡ ಕರುಳಿನಲ್ಲಿ ಕೊಳೆತು ಅಮೋನಿಯಾ ಆಗುತ್ತದೆ.

ಮೂರನೆಯದು ರೋಗನಿರೋಧಕ ಶಕ್ತಿ. ಹಂದಿಯ ಮಾಸು ತಾಯಿಯ ಪ್ರತಿಕಾಯಗಳನ್ನು ಮರಿಗೆ ದಾಟಲು ಬಿಡುವುದಿಲ್ಲ. ಮರಿ ಬರಿಗೈಯಲ್ಲೇ ಹುಟ್ಟುತ್ತದೆ. ಗಿಣ್ಣುಹಾಲಿನಿಂದ ಐಜಿಜಿ ಎಂಬ ಪ್ರತಿಕಾಯ ರಕ್ತಕ್ಕೆ ಸೇರುತ್ತದೆ. ನಂತರದ ಹಾಲಿನಿಂದ ಐಜಿಎ ಎಂಬ ಇನ್ನೊಂದು ಪ್ರತಿಕಾಯ ಪ್ರತಿದಿನ ಕರುಳಿಗೆ ಲೇಪವಾಗುತ್ತದೆ. ಹಾಲು ಬಿಡಿಸಿದ ದಿನವೇ ಆ ಲೇಪ ನಿಲ್ಲುತ್ತದೆ. ಮರಿಯ ಸ್ವಂತ ರಕ್ಷಣೆ ಬಲ ಕೂಡಿಸಿಕೊಳ್ಳಲು ಇನ್ನೂ ವಾರಗಳು ಬೇಕು. ಮೂರು, ನಾಲ್ಕು ವಾರಕ್ಕೆ ಹಾಲು ಬಿಡಿಸಿದ ಮರಿ ಬೀಳುವುದು ಈ ಸಂದಿನಲ್ಲೇ. ಹಾಗಾಗಿ ಬೆಚ್ಚಗಿನ ಜಾಗ ಮತ್ತು ಒಳ್ಳೆಯ ಸ್ಟಾರ್ಟರ್ ಆಹಾರ ಇಲ್ಲದವರು 28 ದಿನಕ್ಕೆ ಹಾಲು ಬಿಡಿಸುವ ಆತುರ ಮಾಡಬಾರದು. 42 ದಿನಕ್ಕೆ ಬಿಡಿಸಿದರೆ ತಾಯಿ ಹಂದಿ ಮತ್ತೆ ಬೆದೆಗೆ ಬರುವುದು ಎರಡು ವಾರ ತಡವಾಗುತ್ತದೆ, ನಿಜ. ಆದರೆ ಮರಿ ಕಳೆದುಕೊಳ್ಳುವ ನಷ್ಟದ ಮುಂದೆ ಅದು ಕಡಿಮೆ. ಅಗೊಂಡಾ ಗೋವನ್‌ನಂಥ ಸ್ಥಳೀಯ ತಳಿಯ ಸಣ್ಣ ಮರಿಗಳಿಗಂತೂ ದಿನಕ್ಕಿಂತ ತೂಕವನ್ನೇ ನೋಡಿ ನಿರ್ಧರಿಸಬೇಕು.

ಪುಡಿಗೆ ಮುಂಚಿನ ಕೆಲಸ

ಮೊದಲ 24 ಗಂಟೆಯಲ್ಲಿ ಪ್ರತಿ ಮರಿಗೆ ಸುಮಾರು 250 ಗ್ರಾಂ ಗಿಣ್ಣುಹಾಲು ಸಿಗಬೇಕು. ಇದಕ್ಕಿಂತ ದೊಡ್ಡ ಸಪ್ಲಿಮೆಂಟ್ ಯಾವ ಅಂಗಡಿಯಲ್ಲೂ ಇಲ್ಲ. ಮರಿ ಹಾಕಲು ಶುರುವಾದ ಮೇಲೆ ಗಿಣ್ಣಿನ ಪ್ರತಿಕಾಯ ಗಂಟೆಗಂಟೆಗೂ ಇಳಿಯುತ್ತದೆ. 24ರಿಂದ 36 ಗಂಟೆಯೊಳಗೆ ಮರಿಯ ಕರುಳೂ ಅದನ್ನು ರಕ್ತಕ್ಕೆ ಬಿಡುವುದನ್ನು ನಿಲ್ಲಿಸುತ್ತದೆ. ಹತ್ತಕ್ಕಿಂತ ಹೆಚ್ಚು ಮರಿ ಇದ್ದರೆ, ಹೊಟ್ಟೆ ತುಂಬಿದ ದೊಡ್ಡ ಮರಿಗಳನ್ನು ಗೋಣಿತಟ್ಟು ಹಾಸಿದ ಬುಟ್ಟಿಯಲ್ಲಿ ಬೆಚ್ಚಗೆ ಒಂದು, ಒಂದೂವರೆ ಗಂಟೆ ಬೇರೆ ಇಡಿ, ಸಣ್ಣವು ಕುಡಿಯಲಿ. ಚೀಪಲಾಗದ ಮರಿಗೆ ತಾಯಿಯಿಂದಲೇ ಹಿಂಡಿ, 15ರಿಂದ 20 ಮಿ.ಲೀ. ಆಗುವಷ್ಟನ್ನು ಸೂಜಿ ತೆಗೆದ ಸಿರಿಂಜ್‌ನಿಂದ ನಾಲಿಗೆ ಮೇಲೆ ಹನಿ ಹನಿಯಾಗಿ ಬಿಡಿ. ಜೋರಾಗಿ ಒತ್ತಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಕಬ್ಬಿಣ ತಪ್ಪಿಸಲೇಬಾರದು. ಮರಿಗೆ ದಿನಕ್ಕೆ 7ರಿಂದ 10 ಮಿಲಿಗ್ರಾಂ ಕಬ್ಬಿಣ ಬೇಕು, ತಾಯಿಹಾಲಿನಲ್ಲಿ ಸಿಗುವುದು ಸುಮಾರು 1 ಮಿಲಿಗ್ರಾಂ. ಮೂರನೇ ದಿನ 200 ಮಿಲಿಗ್ರಾಂ ಐರನ್ ಡೆಕ್ಸ್‌ಟ್ರಾನ್ ಕುತ್ತಿಗೆಯ ಸ್ನಾಯುವಿಗೆ ಕೊಡಬೇಕು. ಬಾಟಲಿಯ ಮೇಲೆ ಒಂದು ಮಿ.ಲೀ.ಗೆ ಎಷ್ಟು ಎಂದು ಓದಿಯೇ ಅಳತೆ ಮಾಡಿ: 100 ಎಂದಿದ್ದರೆ 2 ಮಿ.ಲೀ., 200 ಎಂದಿದ್ದರೆ 1 ಮಿ.ಲೀ. ಬಯಲಲ್ಲಿ ಬಿಟ್ಟ ಮರಿಗಳು ಗೋವಾದ ಕೆಂಪುಮಣ್ಣು ಕೆದಕಿ ಕಬ್ಬಿಣ ಪಡೆಯುತ್ತವೆ ಎಂಬುದರಲ್ಲಿ ಸತ್ಯವಿದೆ. ಆದರೆ ಅದೇ ಮಣ್ಣಿನಿಂದ ಜಂತುಹುಳದ ಮೊಟ್ಟೆಯೂ ಬರುತ್ತದೆ. ಸಿಮೆಂಟ್ ನೆಲದ ಮರಿಗಂತೂ ಮಣ್ಣಿನ ಆಸರೆಯೂ ಇಲ್ಲ. ರಕ್ತ ಕಡಿಮೆಯಾಗಿ ಬಿಳಿಚಿಕೊಂಡ ಮರಿಗೆ ಯಾವ ಪ್ರೋಬಯಾಟಿಕ್ ಕೊಟ್ಟರೂ ಚೇತರಿಕೆ ಕಾಣದು.

ಹಾಲು ಬಿಡಿಸಿದ ಮರಿ ಮಲಗುವ ಜಾಗ 26ರಿಂದ 28 ಡಿಗ್ರಿ ಇರಲಿ, ಒಣಗಿರಲಿ. ಗೋವಾದಲ್ಲಿ ಚಳಿ ಎಲ್ಲಿದೆ ಎನ್ನಬೇಡಿ. ಜುಲೈ ತಿಂಗಳ ಎರಚಲಿಗೆ ಒದ್ದೆಯಾದ ಸಿಮೆಂಟ್ ನೆಲದ ಮೇಲೆ ಬೀಸುವ ಗಾಳಿ ಮರಿಯ ಮೈಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಮರಿಗಳು ಒಂದರ ಮೇಲೊಂದು ಏರಿ ಮಲಗಿದ್ದರೆ ಅವಕ್ಕೆ ಚಳಿಯಾಗಿದೆ ಎಂದೇ ಅರ್ಥ. ಕುಡಿಯುವ ನೀರಿನ ನಿಪ್ಪಲ್‌ನಲ್ಲಿ ನಿಮಿಷಕ್ಕೆ ಅರ್ಧದಿಂದ ಒಂದು ಲೀಟರ್ ನೀರು ಬರಬೇಕು. ಒಂದು ಚೊಂಬು ಹಿಡಿದು ಗಡಿಯಾರ ನೋಡಿ ಅಳೆಯಿರಿ. ನೀರು ಕುಡಿಯದ ಮರಿ ಒಣ ಆಹಾರ ಮುಟ್ಟುವುದಿಲ್ಲ.

ಗಂಡುಮರಿಗಳ ಬೀಜ ತೆಗೆಯುವುದು, ಲಸಿಕೆ, ಜಂತುಮದ್ದು ಇವು ಯಾವುದನ್ನೂ ಹಾಲು ಬಿಡಿಸುವ ವಾರಕ್ಕೆ ಇಟ್ಟುಕೊಳ್ಳಬೇಡಿ.

ನೂರು ಕೆಜಿ ಸ್ಟಾರ್ಟರ್

ಹಾಲು ಬಿಡಿಸಿದ ಮೊದಲ ಎರಡು, ಮೂರು ವಾರಕ್ಕೆ ಈ ಅಳತೆ ಸಾಕು. ಪ್ರೋಟೀನ್ ಶೇ. 20ರ ಆಸುಪಾಸು, ಲೈಸಿನ್ ಎಂಬ ಅಮೈನೋ ಆಮ್ಲ ಶೇ. 1.4ರ ಹತ್ತಿರ ಬರುತ್ತದೆ.

ನುಣ್ಣಗೆ ಬೀಸಿದ ಮೆಕ್ಕೆಜೋಳ 58 ಕೆಜಿ
ಸೋಯಾ ಹಿಂಡಿ 18 ಕೆಜಿ
ಕೆನೆ ತೆಗೆದ ಹಾಲಿನ ಪುಡಿ 8 ಕೆಜಿ
ಉಪ್ಪು ಹಾಕದ ಮೀನಿನ ಪುಡಿ 5 ಕೆಜಿ
ಗೋಧಿ ಬೂಸಾ 5 ಕೆಜಿ
ಅಡುಗೆ ಎಣ್ಣೆ 2 ಕೆಜಿ
ಸಿಟ್ರಿಕ್ ಆಸಿಡ್ 1.2 ಕೆಜಿ
ಡೈಕ್ಯಾಲ್ಸಿಯಂ ಫಾಸ್ಫೇಟ್ 1.2 ಕೆಜಿ
ವಿಟಮಿನ್, ಖನಿಜದ ಪ್ರೀಮಿಕ್ಸ್ 500 ಗ್ರಾಂ
ಲೈಸಿನ್ 400 ಗ್ರಾಂ, ಥ್ರಿಯೊನಿನ್ 150 ಗ್ರಾಂ, ಮೆಥಿಯೊನಿನ್ 100 ಗ್ರಾಂ
ಉಪ್ಪು 250 ಗ್ರಾಂ
ಯೀಸ್ಟ್ ಅಥವಾ ಪ್ರೋಬಯಾಟಿಕ್ ಪುಡಿಗೆ ಮೀಸಲು 200 ಗ್ರಾಂ

ಹಾಲಿನ ಪುಡಿ ದುಬಾರಿ ಎನಿಸಿದರೆ ಅಷ್ಟೇ ತೂಕದ ವ್ಹೇ (ಚೀಸ್ ಮಾಡಿ ಉಳಿದ ಹಾಲಿನ ನೀರಿನ) ಪುಡಿ ಹಾಕಿ, ಮೆಕ್ಕೆಜೋಳದಲ್ಲಿ 3 ಕೆಜಿ ಕಡಿಮೆ ಮಾಡಿ ಸೋಯಾ ಹಿಂಡಿಯಲ್ಲಿ 3 ಕೆಜಿ ಏರಿಸಿ. ನಮಗೆ ಮುಖ್ಯವಾಗಿ ಬೇಕಿರುವುದು ಹಾಲಿನ ಸಕ್ಕರೆ, ಅದು ವ್ಹೇಯಲ್ಲಿ ಇನ್ನೂ ಹೆಚ್ಚೇ ಇದೆ. ಸೋಯಾವನ್ನು ಮಾತ್ರ ಇದಕ್ಕಿಂತ ಮೇಲೆ ಒಯ್ಯಬೇಡಿ. ಸೋಯಾದ ಕೆಲವು ಪ್ರೋಟೀನ್‌ಗಳನ್ನು ಎಳೆಕರುಳು ಶತ್ರು ಎಂದುಕೊಂಡು ಉರಿಯೂತಕ್ಕೆ ತಿರುಗುತ್ತದೆ, ಎಳೆಗಳು ಸವೆಯುತ್ತವೆ. ಹಸಿ ಸೋಯಾಕಾಳು ಬೀಸಿ ಹಾಕುವುದಂತೂ ಬೇಡವೇ ಬೇಡ. ಅದರಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದೆ.

ಥ್ರಿಯೊನಿನ್ ಯಾಕೆ ಎಂದು ಕೇಳುವವರಿದ್ದಾರೆ. ಕರುಳಿನ ಗೋಡೆಗೆ ಲೇಪವಾಗುವ ಲೋಳೆಯ ಪ್ರೋಟೀನ್‌ನಲ್ಲಿ ಈ ಅಮೈನೋ ಆಮ್ಲ ಬಹಳ ಇರುತ್ತದೆ. ಭೇದಿಯಾದಾಗ ಲೋಳೆ ಹೆಚ್ಚು ಸುರಿಯುತ್ತದೆ, ಅದರ ಜೊತೆ ಥ್ರಿಯೊನಿನ್ ಕೂಡ. 150 ಗ್ರಾಂ ಉಳಿಸಲು ಹೋಗಿ ಕರುಳಿನ ಹೊದಿಕೆಯನ್ನೇ ತೆಳ್ಳಗೆ ಮಾಡಬೇಡಿ.

ಬೆರೆಸುವುದರಲ್ಲಿ ಹೆಚ್ಚು ತಪ್ಪಾಗುತ್ತದೆ. 200 ಗ್ರಾಂ ಪುಡಿಯನ್ನು ನೇರವಾಗಿ 100 ಕೆಜಿಗೆ ಎರಚಿ ಸಲಿಕೆಯಿಂದ ನಾಲ್ಕು ಸಲ ತಿರುವಿದರೆ ಒಂದು ಮರಿಗೆ ಎಲ್ಲ, ಇನ್ನೊಂದಕ್ಕೆ ಏನೂ ಇಲ್ಲ. ಗ್ರಾಂ ಲೆಕ್ಕದ ಪುಡಿಗಳನ್ನು ಮೊದಲು 1 ಕೆಜಿ ಜೋಳದ ಹಿಟ್ಟಿನಲ್ಲಿ ಕೈಯಿಂದ ತಿಕ್ಕಿ ಬೆರೆಸಿ. ಅದನ್ನು 5 ಕೆಜಿಗೆ, ಆಮೇಲೆ 20 ಕೆಜಿಗೆ, ಕೊನೆಗೆ ರಾಶಿಗೆ ಸೇರಿಸಿ. ಎಣ್ಣೆ ಎಲ್ಲಕ್ಕಿಂತ ಕೊನೆಗೆ. ಮೊದಲೇ ಎಣ್ಣೆ ಬಿದ್ದರೆ ಪುಡಿ ಉಂಡೆ ಕಟ್ಟುತ್ತದೆ.

ಮೊದಲ ಮೂರು ದಿನ ಈ ಆಹಾರವನ್ನು ಒಂದಕ್ಕೆ ಎರಡು ಪಾಲು ಉಗುರುಬೆಚ್ಚಗಿನ ನೀರು ಹಾಕಿ ಗಂಜಿ ಮಾಡಿ, ದಿನಕ್ಕೆ ಐದು ಸಲ ಕೊಡಿ. 7 ಕೆಜಿ ತೂಗುವ ಮರಿಗೆ ಮೊದಲ ದಿನ ಒಣತೂಕದಲ್ಲಿ 80ರಿಂದ 100 ಗ್ರಾಂ, ವಾರದ ಕೊನೆಗೆ 250 ಗ್ರಾಂ. ಎಲ್ಲ ಮರಿಗಳೂ ಒಟ್ಟಿಗೆ ಬಾಯಿ ಹಾಕುವಷ್ಟು ಉದ್ದದ ತಗ್ಗು ತೊಟ್ಟಿ ಬೇಕು, ಏಕೆಂದರೆ ಮೊಲೆ ಚೀಪುವಾಗ ಒಟ್ಟಿಗೆ ಕುಡಿದು ಅಭ್ಯಾಸವಾಗಿರುತ್ತದೆ. ಒಂದು ಗಂಟೆಯಲ್ಲಿ ಮುಗಿಯದ ಗಂಜಿಯನ್ನು ತೆಗೆದು ತೊಟ್ಟಿ ತೊಳೆಯಿರಿ. ನಾಲ್ಕನೇ ದಿನದಿಂದ ನೀರು ಕಡಿಮೆ ಮಾಡುತ್ತ ಒಣ ಆಹಾರಕ್ಕೆ ಬನ್ನಿ. ಹತ್ತು ದಿನದ ಮರಿಗೇ ಇದೇ ಆಹಾರವನ್ನು ತಟ್ಟೆಯಲ್ಲಿ ಒಂದೊಂದು ಹಿಡಿ ಇಟ್ಟು ರುಚಿ ಹತ್ತಿಸಿದ್ದರೆ ಈ ವಾರ ಸಲೀಸು.

ಹುಳಿಯ ಲೆಕ್ಕ

ಸಪ್ಲಿಮೆಂಟ್‌ಗಳಲ್ಲಿ ಒಂದನ್ನೇ ಆರಿಸಬೇಕು ಎಂದರೆ ನಾವು ಆರಿಸುವುದು ಆರ್ಗ್ಯಾನಿಕ್ ಆಮ್ಲ. ಜಠರದಲ್ಲಿ ಕಡಿಮೆಯಾದ ಹುಳಿಯನ್ನು ಅದು ನೇರವಾಗಿ ತುಂಬುತ್ತದೆ. ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು, ಶೇ. 1ರಿಂದ 1.5. ಫ್ಯೂಮರಿಕ್ ಆಸಿಡ್ ಶೇ. 1ರಿಂದ 2. ಫಾರ್ಮಿಕ್ ಆಸಿಡ್ ಬಲವಾದದ್ದು, ಆದರೆ ಚರ್ಮ ಸುಡುತ್ತದೆ, ಆವಿ ಕಣ್ಣಿಗೆ ಕುಟುಕುತ್ತದೆ. ಕೈಗವಸು, ಕನ್ನಡಕ ಇಲ್ಲದ ಶೆಡ್‌ನಲ್ಲಿ ಅದು ಬೇಡ.

ಆಮ್ಲ ಹಾಕಿಯೂ ಫಲ ಕಾಣದಿದ್ದರೆ ಸುಣ್ಣದ ಪುಡಿಯನ್ನು ಹುಡುಕಿ. ಮೂಳೆ ಗಟ್ಟಿಯಾಗಲಿ ಎಂದು ಸುಣ್ಣಕಲ್ಲಿನ ಪುಡಿಯನ್ನು ಕೈಬಿಚ್ಚಿ ಹಾಕುವ ರೂಢಿಯಿದೆ. ಸುಣ್ಣ ಆಮ್ಲವನ್ನು ಕುಡಿದುಬಿಡುತ್ತದೆ. ಒಂದು ಲೋಟ ನಿಂಬೆ ಉಪ್ಪಿನ ನೀರಿಗೆ ಚಿಟಿಕೆ ಸುಣ್ಣಕಲ್ಲಿನ ಪುಡಿ ಹಾಕಿ, ಬುಸ್ಸೆಂದು ನೊರೆ ಏಳುತ್ತದೆ. ಮರಿಯ ಜಠರದಲ್ಲಿ ಆಗುವುದೂ ಅದೇ. ಮೇಲಿನ ಅಳತೆಯಲ್ಲಿ ಸುಣ್ಣಕಲ್ಲು ಇಲ್ಲದಿರುವುದು ಮರೆತು ಬಿಟ್ಟದ್ದಲ್ಲ. ಮೀನಿನ ಪುಡಿ, ಹಾಲಿನ ಪುಡಿ, ಡೈಕ್ಯಾಲ್ಸಿಯಂ ಫಾಸ್ಫೇಟ್ ಸೇರಿ ಕ್ಯಾಲ್ಸಿಯಂ ಶೇ. 0.7ರ ಹತ್ತಿರ ಆಗುತ್ತದೆ, ಎರಡು, ಮೂರು ವಾರಕ್ಕೆ ಅದು ಸಾಕು.

ಸಿಟ್ರಿಕ್ ಆಸಿಡ್ಡನ್ನು ನೀರಿನಲ್ಲಿ ಕೊಡುವುದಾದರೆ ಪಿಎಚ್ ಕಾಗದ ಇಟ್ಟುಕೊಳ್ಳಿ. ಲೀಟರ್‌ಗೆ ಅರ್ಧ ಗ್ರಾಂನಿಂದ ಶುರುಮಾಡಿ 4.5ರ ಹತ್ತಿರ ನಿಲ್ಲಿಸಿ. 4ಕ್ಕಿಂತ ಕೆಳಗಿಳಿದರೆ ಮರಿ ನೀರನ್ನೇ ಬಿಡಬಹುದು. ಗೋವಾದ ಕೆಂಪುಕಲ್ಲಿನ ಬಾವಿಗಳ ನೀರು ಹೆಚ್ಚಾಗಿ ಮೆದು, ಬೇಗ ಹುಳಿಯಾಗುತ್ತದೆ. ಹಾಗಾಗಿ ಪ್ಯಾಕೆಟ್ ಮೇಲಿನ ಅಳತೆಗಿಂತ ಕಾಗದದ ಬಣ್ಣವನ್ನೇ ನಂಬಿ. ಹುಳಿ ನೀರು ಹರಿಯುವ ಪೈಪ್‌ನಲ್ಲಿ ಲೋಳೆ ಕಟ್ಟುತ್ತದೆ, ವಾರಕ್ಕೊಮ್ಮೆ ತೊಳೆಯಬೇಕು.

ಜಿಂಕ್ ಆಕ್ಸೈಡ್: ಕೈ ತಡೆದು

ಹಾಲು ಬಿಡಿಸಿದ ನಂತರದ ಭೇದಿಗೆ ಹೆಚ್ಚಿನ ಪ್ರಮಾಣದ ಜಿಂಕ್ ಆಕ್ಸೈಡ್ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಬಳಕೆಯಲ್ಲಿದ್ದ ಪ್ರಮಾಣ 2,500 ಪಿಪಿಎಂ (ಹತ್ತು ಲಕ್ಷದಲ್ಲಿ 2,500 ಪಾಲು) ಜಿಂಕ್, ಅಂದರೆ 100 ಕೆಜಿ ಆಹಾರಕ್ಕೆ ಸುಮಾರು 310 ಗ್ರಾಂ ಜಿಂಕ್ ಆಕ್ಸೈಡ್, ಗರಿಷ್ಠ 14 ದಿನ. ಆದರೆ ಮರಿ ಹೀರುವುದು ಸ್ವಲ್ಪ, ಉಳಿದದ್ದೆಲ್ಲ ಗೊಬ್ಬರದಲ್ಲಿ ಹೊರಬಂದು ಮಣ್ಣಿನಲ್ಲಿ ಕೂಡುತ್ತದೆ. ಜೊತೆಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಗೂ ಅನುಕೂಲ ಮಾಡಿಕೊಡುತ್ತದೆ. ಯುರೋಪಿಯನ್ ಒಕ್ಕೂಟ 2022ರ ಜೂನ್‌ನಲ್ಲಿ ಈ ಔಷಧ ಪ್ರಮಾಣದ ಬಳಕೆಯನ್ನು ನಿಲ್ಲಿಸಿತು, ಅಲ್ಲಿ ಈಗ ಆಹಾರದಲ್ಲಿ 150 ಪಿಪಿಎಂ ದಾಟುವಂತಿಲ್ಲ. ತೆಂಗಿನ ಬುಡಕ್ಕೂ ಗದ್ದೆಗೂ ಹಂದಿಗೊಬ್ಬರ ಹಾಕುವ, ಅದೇ ಬಾವಿ ನೀರು ಕುಡಿಯುವ ಊರುಗಳಲ್ಲಿ ನಾವೂ ಇದನ್ನು ಯೋಚಿಸಬೇಕು.

ಪಶುವೈದ್ಯರು ಹೇಳಿದರೆ ಮಾತ್ರ, ಫೀಡ್ ದರ್ಜೆಯದ್ದನ್ನೇ ಬಳಸಿ. ಪೇಂಟ್‌ಗೆ ಹಾಕುವ ಜಿಂಕ್ ಆಕ್ಸೈಡ್‌ನಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು. 14 ದಿನ ದಾಟಿಸಿ ಬಹಳ ದಿನ ಕೊಟ್ಟರೆ ತಾಮ್ರದ ಕೊರತೆ ಬಂದು ಬೆಳವಣಿಗೆ ಕುಂಠಿತವಾಗಬಹುದು. ಇನ್ನೊಂದು ವಿಷಯ, ಜಿಂಕ್ ಆಕ್ಸೈಡ್ ಸುಣ್ಣದ ಹಾಗೆಯೇ ಆಮ್ಲವನ್ನು ಕುಡಿಯುತ್ತದೆ. ಅದನ್ನೂ ಸಿಟ್ರಿಕ್ ಆಸಿಡ್ಡನ್ನೂ ಒಟ್ಟಿಗೆ ಹಾಕಿದರೆ ಆಮ್ಲಕ್ಕೆ ಕೊಟ್ಟ ದುಡ್ಡಿನ ಒಂದು ಪಾಲು ಹೊಳೆಯಲ್ಲಿ ಹುಣಸೆ.

ಜೀವಂತ ಪುಡಿಗಳು

ಪ್ರೋಬಯಾಟಿಕ್ ಪ್ಯಾಕೆಟ್ ಕೊಳ್ಳುವಾಗ ಮೂರು ವಿಷಯ ನೋಡಿ: ಯಾವ ಜೀವಿ, ಗ್ರಾಂಗೆ ಎಷ್ಟು ಸಿಎಫ್‌ಯು (ಜೀವಂತ ಬ್ಯಾಕ್ಟೀರಿಯಾಗಳ ಎಣಿಕೆ), ತಯಾರಾದ ದಿನ. ಇವು ಮೂರೂ ಇಲ್ಲದ ಪ್ಯಾಕೆಟ್ಟನ್ನು ಅಂಗಡಿಯಲ್ಲೇ ಬಿಡಿ. ಸಾಮಾನ್ಯವಾಗಿ ಬಳಸುವ ಪ್ರಮಾಣ ಒಂದು ಕೆಜಿ ಆಹಾರಕ್ಕೆ 100 ಕೋಟಿ ಸಿಎಫ್‌ಯು. ಗ್ರಾಂಗೆ 100 ಕೋಟಿ ಎಂದಿದ್ದರೆ 100 ಕೆಜಿಗೆ 100 ಗ್ರಾಂ ಸಾಕು. ಬ್ಯಾಸಿಲಸ್ ಸಬ್ಟಿಲಿಸ್, ಲೈಕೆನಿಫಾರ್ಮಿಸ್ ಬೀಜಕದ ರೂಪದಲ್ಲಿರುವುದರಿಂದ ಬಿಸಿಲು, ತೇವ, ಆಮ್ಲ ತಾಳುತ್ತವೆ. ಫ್ರಿಜ್ ಇಲ್ಲದ ಶೆಡ್‌ಗೆ ಇವೇ ಸರಿ. ಲ್ಯಾಕ್ಟೋಬ್ಯಾಸಿಲಸ್ ಪುಡಿ ನಾಜೂಕು, ಬಿಸಿ ಗಂಜಿಗೆ ಹಾಕಿದರೆ ಸತ್ತಂತೆ. ಆಂಟಿಬಯಾಟಿಕ್ ನಡೆಯುವಾಗ ಪ್ರೋಬಯಾಟಿಕ್ ಕೊಡುವುದೂ ಹೆಚ್ಚಾಗಿ ವ್ಯರ್ಥವೇ, ಕೋರ್ಸ್ ಮುಗಿದ ಮೇಲೆ ಕೊಡಿ.

ಮರಿಗೆ ಮೊದಲ ಬ್ಯಾಕ್ಟೀರಿಯಾ ಬರುವುದು ತಾಯಿಯ ಮೊಲೆ ಮತ್ತು ಸೆಗಣಿಯಿಂದ. ಹಾಗಾಗಿ ಮರಿ ಹಾಕುವ ಒಂದು ವಾರ ಮುಂಚಿನಿಂದ ತಾಯಿಗೇ ಪ್ರೋಬಯಾಟಿಕ್ ಶುರುಮಾಡಿದರೆ ಕೊಟ್ಟ ದುಡ್ಡಿಗೆ ಹೆಚ್ಚು ಬೆಲೆ ಬರುತ್ತದೆ.

ಯೀಸ್ಟ್‌ನ ಗೋಡೆಯಿಂದ ತೆಗೆದ ಎಂಒಎಸ್ (ಒಂದು ಬಗೆಯ ಸಕ್ಕರೆಸರಪಳಿ) 100 ಕೆಜಿಗೆ 100ರಿಂದ 200 ಗ್ರಾಂ. ಕೆಲವು ಜಾತಿಯ ಇ. ಕೋಲೈ, ಸಾಲ್ಮೊನೆಲ್ಲಾಗಳು ಕರುಳಿಗೆ ಅಂಟುವ ಬದಲು ಇದಕ್ಕೆ ಅಂಟಿ ಹೊರಹೋಗುತ್ತವೆ. ಆದರೆ ಹಂದಿಮರಿಗಳನ್ನು ಹೆಚ್ಚು ಕಾಡುವ ಕೆ88 ಜಾತಿಯ ಇ. ಕೋಲೈನ ಕೊಂಡಿ ಬೇರೆ ಬಗೆಯದು, ಎಂಒಎಸ್‌ಗೆ ಸಿಕ್ಕುವುದಿಲ್ಲ. ಒಬ್ಬರ ಶೆಡ್‌ನಲ್ಲಿ ಗೆದ್ದ ಪುಡಿ ಇನ್ನೊಬ್ಬರಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ. ಯೀಸ್ಟ್ ಗೋಡೆಯದೇ ಇನ್ನೊಂದು ಅಂಶವಾದ ಬೀಟಾ ಗ್ಲೂಕಾನ್ ರಕ್ಷಣಾ ಕೋಶಗಳನ್ನು ಎಚ್ಚರಿಸುತ್ತದೆ. ಆದರೆ ಅಳತೆ ಮೀರಿದರೆ ಮರಿ ಬೆಳೆಯುವ ಶಕ್ತಿಯನ್ನೆಲ್ಲ ಕಾವಲಿಗೇ ಸುರಿಯುತ್ತದೆ. ಬೆಳ್ಳುಳ್ಳಿ, ಅರಿಶಿನ, ಓಮದ ಪುಡಿಗಳಿಂದ ಕೆಡುಕಿಲ್ಲ, ಆದರೆ ಅವುಗಳನ್ನೇ ನಂಬಿ ಕೂರುವಷ್ಟು ಫಲವೂ ಒಂದೇ ಸಮನಾಗಿ ಸಿಕ್ಕಿಲ್ಲ. ಗೋಧಿ ಬೂಸಾ ಅಗ್ಗದ್ದು ಎಂದು ಕಡೆಗಣಿಸಬೇಡಿ. ತರಿತರಿಯಾದ ಬೂಸಾ ಶೇ. 4, 5 ಇದ್ದರೆ ಕರುಳಿನಲ್ಲಿ ಆಹಾರ ನಿಲ್ಲದೆ ಸಾಗುತ್ತದೆ, ಇ. ಕೋಲೈಗೆ ಅಂಟಿಕೊಳ್ಳಲು ಪುರುಸೊತ್ತು ಸಿಗದು.

ಮಜ್ಜಿಗೆ ಹಾಕಿ ಹುಳಿಸಿದ ಜೋಳ

ಅಂಗಡಿಯ ಪುಡಿ ಇಲ್ಲದೆಯೂ ಹುಳಿ ಮತ್ತು ಲ್ಯಾಕ್ಟೋಬ್ಯಾಸಿಲಸ್ ಎರಡನ್ನೂ ಒಟ್ಟಿಗೆ ಕೊಡುವ ದಾರಿ ಇದು. ದೋಸೆ ಹಿಟ್ಟು ಹುಳಿಸಲು ಗೊತ್ತಿರುವವರಿಗೆ ಕಷ್ಟವಲ್ಲ.

ತೊಳೆದು ಬಿಸಿಲಿಗೆ ಒಣಗಿಸಿದ ಪ್ಲಾಸ್ಟಿಕ್ ಡ್ರಮ್‌ನಲ್ಲಿ 10 ಕೆಜಿ ಮೆಕ್ಕೆಜೋಳದ ಹಿಟ್ಟು, ಕುದಿಸಿ ಆರಿಸಿದ 20 ಲೀಟರ್ ನೀರು, ಅರ್ಧ ಲೀಟರ್ ತಾಜಾ ಮಜ್ಜಿಗೆ ಬೆರೆಸಿ. ಮುಚ್ಚಳ ಸಡಿಲ ಇರಲಿ, ಗ್ಯಾಸ್ ಹೊರಹೋಗಬೇಕು. ಗೋವಾದ ಸೆಕೆಗೆ 24 ಗಂಟೆ ಸಾಕು. ಪಿಎಚ್ ಕಾಗದ 4 ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು, ವಾಸನೆ ಹುಳಿ ದೋಸೆ ಹಿಟ್ಟಿನದಿರಬೇಕು. 4.5ಕ್ಕಿಂತ ಮೇಲೆ ನಿಂತಿದ್ದರೆ ಒಳಗೆ ಬೆಳೆದಿರುವುದು ಕೆಟ್ಟ ಬ್ಯಾಕ್ಟೀರಿಯಾ, ಮರಿಗೆ ಕೊಡದೆ ಚೆಲ್ಲಿ. ಹೆಂಡದ ವಾಸನೆ ಬಂದರೆ ಯೀಸ್ಟ್ ಮೇಲುಗೈ ಆಗಿದೆ, ಡ್ರಮ್ ತೊಳೆದು ಹೊಸದಾಗಿ ಮಾಡಿ. ಮೂರನೇ ಒಂದು ಪಾಲು ಉಳಿಸಿಕೊಂಡು ಮರುದಿನದ ಹೆಪ್ಪಿಗೆ ಬಳಸಬಹುದು, ಆದರೆ ಏಳು ದಿನಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ.

ಹುಳಿಸುವುದು ಜೋಳವನ್ನು ಮಾತ್ರ. ಇಡೀ ಮಿಶ್ರಣವನ್ನು ಹುಳಿಸಿದರೆ ನಾವು ಕೊಂಡು ಹಾಕಿದ ಲೈಸಿನ್ನನ್ನು ಬ್ಯಾಕ್ಟೀರಿಯಾಗಳೇ ತಿಂದುಹಾಕುತ್ತವೆ. ಉಳಿದ ಪದಾರ್ಥಗಳನ್ನು ಸಿಟ್ರಿಕ್ ಆಸಿಡ್ ಬಿಟ್ಟು ಬೇರೆ ಚೀಲದಲ್ಲಿ ಬೆರೆಸಿಟ್ಟುಕೊಳ್ಳಿ. ಕೊಡುವ ಹೊತ್ತಿಗೆ 3 ಕೆಜಿ ಹುಳಿಹಿಟ್ಟಿಗೆ 700 ಗ್ರಾಂ ಸೇರಿಸಿ. ಮೂರು ಗಂಟೆಗಿಂತ ಹೆಚ್ಚು ತೊಟ್ಟಿಯಲ್ಲಿ ಬಿಡಬೇಡಿ.

ಗೋವಾದ ಮೂರು ಅಪಾಯಗಳು

ಒಣಮೀನು. ಮಾರುಕಟ್ಟೆಯಲ್ಲಿ ಮಾರಾಟವಾಗದೆ ಉಳಿದ ಒಣಮೀನು ಅಗ್ಗಕ್ಕೆ ಸಿಗುತ್ತದೆ, ಪುಡಿ ಮಾಡಿ ಹಾಕುವವರಿದ್ದಾರೆ. ಉಪ್ಪು ಹಚ್ಚಿ ಒಣಗಿಸಿದ ಮೀನಿನಲ್ಲಿ ತೂಕದ ಶೇ. 10ರಿಂದ 20 ಉಪ್ಪೇ ಇರಬಹುದು. ನೀರು ಧಾರಾಳ ಇರುವವರೆಗೆ ಮರಿ ತಾಳಿಕೊಳ್ಳುತ್ತದೆ. ಕರೆಂಟ್ ಹೋಗಿ ಪಂಪ್ ನಿಂತು ಅರ್ಧ ದಿನ ತೊಟ್ಟಿ ಒಣಗಿದರೆ ಉಪ್ಪು ಮೆದುಳಿಗೆ ಏರುತ್ತದೆ. ಮರಿ ಕಣ್ಣು ಕಾಣದಂತೆ ಗೋಡೆಗೆ ಹೋಗಿ ತಾಗುತ್ತದೆ, ನಾಯಿಯ ಹಾಗೆ ಹಿಂಗಾಲ ಮೇಲೆ ಕೂತು ಮೂಗು ಮೇಲೆತ್ತಿ ಹಿಂದಕ್ಕೆ ಉರುಳಿ ಸೆಳೆತಕ್ಕೆ ಬೀಳುತ್ತದೆ. ಆಗ ಒಮ್ಮೆಲೇ ಬಕೆಟ್ ನೀರು ಇಟ್ಟರೆ ಮೆದುಳು ಊದಿ ಸಾಯುತ್ತದೆ. ಗಂಟೆಗೆ ಹಲವು ಸಲ ಗುಟುಕು ಗುಟುಕಾಗಿ ಕೊಡುತ್ತ ವೈದ್ಯರನ್ನು ಕರೆಸಿ. ಒಣಮೀನಿನ ಪುಡಿ ನಾಲಿಗೆಗೆ ಉಪ್ಪೆನಿಸಿದರೆ ಮರಿಗಳ ಆಹಾರಕ್ಕೆ ಬೇಡ.

ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೆಕ್ಕೆಜೋಳ ಗಾಳಿಯ ತೇವವನ್ನೇ ಹೀರುತ್ತದೆ. ತೇವಾಂಶ ಶೇ. 13 ದಾಟಿದರೆ ಬೂಷ್ಟು ಬೆಳೆಯುತ್ತದೆ. ಅದು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೂ ರೋಗನಿರೋಧಕ ಶಕ್ತಿಗೂ ಕೊಡಲಿ ಪೆಟ್ಟು, ಲಸಿಕೆಯೂ ಸರಿಯಾಗಿ ಹಿಡಿಯುವುದಿಲ್ಲ. ಹಿಡಿ ಜೋಳ ಕೈಯಲ್ಲಿ ತಿಕ್ಕಿ ಮೂಸಿ ನೋಡಿ, ಮುಗ್ಗಲು ವಾಸನೆ ಬಂದರೆ ಮರಿಗೆ ಬೇಡ. ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪುಡಿ 100 ಕೆಜಿಗೆ 500 ಗ್ರಾಂ ಹಾಕಿದರೆ ಅಫ್ಲಾಟಾಕ್ಸಿನ್ ಒಂದಷ್ಟು ಹಿಡಿಯುತ್ತದೆ, ಆದರೆ ಬೇರೆ ಬೂಷ್ಟುವಿಷಗಳ ಮೇಲೆ ಅದರ ಆಟ ನಡೆಯದು. ಮಳೆಗಾಲದಲ್ಲಿ ಹತ್ತು ದಿನಕ್ಕೆ ಸಾಕಾಗುವಷ್ಟೇ ಬೆರೆಸಿ. ಚೀಲಗಳು ಹಲಗೆಯ ಮೇಲಿರಲಿ, ಗೋಡೆಯಿಂದ ಒಂದು ಗೇಣು ದೂರವಿರಲಿ. ಅಕ್ಕಿ ತೌಡಿನ ಎಣ್ಣೆ ಬೇಗ ಕಮಟುವುದರಿಂದ ಅದನ್ನು ದೊಡ್ಡ ಹಂದಿಗಳಿಗೆ ಇಟ್ಟುಕೊಳ್ಳಿ. ಫೆನಿಗೆ ರಸ ಹಿಂಡಿದ ಗೇರುಹಣ್ಣಿನ ಸಿಪ್ಪೆಯೂ ಹಾಗೆಯೇ, ಅದರ ಒಗರು ಎಳೆಕರುಳಿಗೆ ಆಗದು.

ಹೋಟೆಲ್ ಮುಸುರೆ. ಮರಿಗಳಿಗೆ ಇದು ಬೇಡ. ದೊಡ್ಡ ಹಂದಿಗೆ ಕೊಡುವುದಾದರೂ 90 ಡಿಗ್ರಿಯಲ್ಲಿ 60 ನಿಮಿಷ, ಕಲಕುತ್ತಲೇ ಕುದಿಸಬೇಕು. ಆಫ್ರಿಕನ್ ಹಂದಿಜ್ವರದ ವೈರಸ್ ಹಂದಿಮಾಂಸದ ಚೂರಿನಲ್ಲಿ ಉಳಿದು ಮುಸುರೆಯೊಂದಿಗೆ ಬರುತ್ತದೆ. ಭಾರತದಲ್ಲಿ ಆ ರೋಗ ಮೊದಲು ಕಂಡದ್ದು 2020ರಲ್ಲಿ, ಅಸ್ಸಾಂ ಮತ್ತು ಅರುಣಾಚಲದಲ್ಲಿ. ಅದಕ್ಕೆ ಯಾವ ಸಪ್ಲಿಮೆಂಟೂ ಅಡ್ಡ ನಿಲ್ಲುವುದಿಲ್ಲ. ಮುಸುರೆ ಬಕೆಟ್ ಮರಿಗಳ ಅಂಕಣದೊಳಗೆ ಬರಲೇಬಾರದು, ಅದನ್ನು ಹೊತ್ತ ಚಪ್ಪಲಿಯೂ ಕೂಡ.

ಭೇದಿ ಬಂದೇಬಿಟ್ಟರೆ

ಮೊದಲು ಸೆಗಣಿಯನ್ನು ಹತ್ತಿರದಿಂದ ನೋಡಿ. ಮರಿಯ ಹಿಂಗಾಲು ಎತ್ತಿ, ಹೊರಬಂದ ಹನಿಗೆ ಪಿಎಚ್ ಕಾಗದ ತಾಗಿಸಿ. ನೀರುನೀರಾಗಿದ್ದು ಕಾಗದ 8ರ ಕಡೆ ನೀಲಿಗೆ ತಿರುಗಿದರೆ ಇ. ಕೋಲೈನ ವಿಷದ ಭೇದಿ ಇರಬಹುದು. ಹುಳಿಯ ಕಡೆ ತಿರುಗಿದರೆ ಎಳೆಗಳು ಸವೆದು ಆಹಾರ ಹೀರದೆ ಹೋಗುತ್ತಿರುವ ಲಕ್ಷಣ, ರೋಟಾ ವೈರಸ್‌ನಂಥದ್ದರಲ್ಲಿ ಹೀಗಾಗುತ್ತದೆ. ಇನ್ನೂ ಹಾಲು ಕುಡಿಯುವ, ಒಂದರಿಂದ ಎರಡು ವಾರದ ಮರಿಯಲ್ಲಿ ಹಳದಿ ಪೇಸ್ಟ್‌ನಂಥ ಭೇದಿಯಾಗಿ ಆಂಟಿಬಯಾಟಿಕ್‌ಗೂ ಬಗ್ಗದಿದ್ದರೆ ಕಾಕ್ಸಿಡಿಯಾ ಎಂಬ ಕರುಳಿನ ಪರಜೀವಿ ಇರಬಹುದು, ಅದಕ್ಕೆ ಔಷಧವೇ ಬೇರೆ. ಕಾಗದದ ಬಣ್ಣ ರೋಗನಿರ್ಣಯ ಆಗುವುದಿಲ್ಲ, ಆದರೆ ಫೋನ್‌ನಲ್ಲಿ ವೈದ್ಯರಿಗೆ ಹೇಳಲು ಇದಕ್ಕಿಂತ ಉಪಯುಕ್ತ ಮಾಹಿತಿ ಇಲ್ಲ.

ಎರಡನೆಯದು ನೀರು. ಮರಿ ಸಾಯುವುದು ಮೈಯ ನೀರು ಇಂಗಿ. ಔಷಧಿ ಅಂಗಡಿಯ ಓಆರ್‌ಎಸ್ ಪ್ಯಾಕೆಟ್ ಆಗುತ್ತದೆ. ಇಲ್ಲವೇ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಗ್ಲೂಕೋಸ್ 20 ಗ್ರಾಂ, ಉಪ್ಪು 3.5 ಗ್ರಾಂ, ಅಡುಗೆ ಸೋಡಾ 2.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ. ತಗ್ಗು ತಟ್ಟೆಯಲ್ಲಿ ಇಟ್ಟು ನಾಲ್ಕು ಗಂಟೆಗೊಮ್ಮೆ ಹೊಸದು ಹಾಕಿ, ಪಕ್ಕದಲ್ಲೇ ಬರೀ ನೀರೂ ಇರಲಿ. ಆಹಾರವನ್ನು ಒಂದು ದಿನ ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ.

ಕಣ್ಣು ಒಳಗೆ ಹೋಗಿದ್ದರೆ, ಸೆಗಣಿಯಲ್ಲಿ ರಕ್ತ ಕಂಡರೆ, ರೆಪ್ಪೆ ಊದಿಕೊಂಡು ಮರಿ ತೂರಾಡಿದರೆ, ಕಿವಿ ಮತ್ತು ಹೊಟ್ಟೆಯ ಚರ್ಮ ಕೆಂಪು ನೇರಳೆಯಾದರೆ ಪುಡಿಗಳ ಮಾತು ಬಿಟ್ಟು ಅದೇ ಗಂಟೆಯಲ್ಲಿ ಸರ್ಕಾರಿ ಪಶುವೈದ್ಯರಿಗೆ ತಿಳಿಸಿ. ಅಂಗಡಿಯಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಕೇಳಬೇಡಿ. ಮನುಷ್ಯರಿಗೆ ಕೊನೆಯ ಆಸರೆಯಾಗಿರುವ ಆ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೂ ಫೀಡ್ ಸಪ್ಲಿಮೆಂಟ್‌ಗಳಿಗೂ ಬಳಸುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲೇ ನಿಷೇಧಿಸಿದೆ. ತಳಿ ಮತ್ತು ಆಹಾರದ ವಿಚಾರಕ್ಕೆ ಹಳೆ ಗೋವಾದ ಎಲಾದಲ್ಲಿರುವ ಐಸಿಎಆರ್ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯ ಹಂದಿ ಘಟಕದಲ್ಲಿ ಕೇಳಬಹುದು.

ಪುಡಿ ಕೆಲಸ ಮಾಡಿತೇ?

ಹೊಸ ಪುಡಿ ತಂದಾಗ ಎಲ್ಲ ಮರಿಗಳಿಗೂ ಒಟ್ಟಿಗೆ ಕೊಡಬೇಡಿ. ಹಾಲು ಬಿಡಿಸಿದ ದಿನ ಎಲ್ಲವನ್ನೂ ತೂಗಿ, ದೊಡ್ಡದು ಸಣ್ಣದು ಎರಡೂ ಕಡೆ ಸಮನಾಗಿ ಬರುವಂತೆ ಎರಡು ಅಂಕಣಗಳಿಗೆ ಹಂಚಿ. ಎರಡು ತಾಯಂದಿರ ಮರಿಗಳಿದ್ದರೆ ಎರಡೂ ಕಡೆ ಎರಡೂ ತಾಯಿಯ ಮರಿಗಳಿರಲಿ. ಒಂದು ಅಂಕಣಕ್ಕೆ ಪುಡಿ ಬೆರೆಸಿದ ಆಹಾರ, ಇನ್ನೊಂದಕ್ಕೆ ಅದೇ ಆಹಾರ ಪುಡಿ ಇಲ್ಲದೆ. ಪ್ರತಿದಿನ ಬೆಳಿಗ್ಗೆ ಸೆಗಣಿಗೆ ಅಂಕ ಹಾಕಿ: ಗಟ್ಟಿ 1, ಮೆತ್ತಗೆ 2, ಗಂಜಿಯಂತೆ 3, ನೀರು 4. ಗೋಡೆಗೆ ನೇತುಹಾಕಿದ ಕ್ಯಾಲೆಂಡರ್‌ನಲ್ಲೇ ಬರೆದರೆ ಸಾಕು. ಹದಿನಾಲ್ಕನೇ ದಿನ ಮತ್ತೆ ತೂಗಿ, ಪುಡಿ ತಿಂದ ಅಂಕಣದ ಹೆಚ್ಚುವರಿ ತೂಕವನ್ನು ಪುಡಿಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಒಂದು ಸಲದ ವ್ಯತ್ಯಾಸ ಆಕಸ್ಮಿಕವೂ ಇರಬಹುದು, ಆದ್ದರಿಂದ ಅಂಕಣ ಅದಲುಬದಲು ಮಾಡಿ ಇನ್ನೆರಡು ಸೂಲಿನ ಮರಿಗಳಲ್ಲಿ ನೋಡಿ. ಮೂರು ಸಲವೂ ತೂಕದಲ್ಲಿ, ಅಂಕದಲ್ಲಿ ವ್ಯತ್ಯಾಸ ಕಾಣದಿದ್ದರೆ ಆ ಪುಡಿಯನ್ನು ನಿಲ್ಲಿಸಿ, ಅದರ ದುಡ್ಡಿಗೆ ಹಾಲಿನ ಪುಡಿ ತನ್ನಿ.